ಹತ್ತು ಬೂಟ್‌ಗೆ ಒಂದು ಸಲ ಐ2ಸಿ ಸತ್ತಿರುತ್ತದೆ, ನನ್ನ ಪಿನ್‌ಕಂಟ್ರೋಲ್ ಡ್ರೈವರ್ ಸ್ವಲ್ಪ ನೋಡಿ

ಕೆಂಪುವೈರ್:
ನಮಸ್ಕಾರ. ನಮ್ಮ ಬೋರ್ಡಿನ ಚಿಪ್‌ಗೆ ಲಿನಕ್ಸ್ ಕರ್ನಲ್‌ನಲ್ಲಿ ಪಿನ್‌ಕಂಟ್ರೋಲ್ ಡ್ರೈವರ್ (ಚಿಪ್‌ನ ಯಾವ ಪಿನ್ ಯಾವ ಕೆಲಸಕ್ಕೆ ಅಂತ ಹೊಂದಿಸುವ ಕೋಡ್) ಇರಲಿಲ್ಲ, ನಾನೇ ಬರೆದೆ. ಚೆನ್ನಾಗೇ ಓಡುತ್ತದೆ. ಆದರೆ ಹತ್ತಕ್ಕೆ ಒಂದು ಬೂಟ್‌ನಲ್ಲಿ ತಾಪಮಾನದ ಸೆನ್ಸರ್ ಸಿಗುವುದಿಲ್ಲ, ಐ2ಸಿ (ಸೆನ್ಸರ್ ಜೊತೆ ಮಾತಾಡುವ ಎರಡು ತಂತಿಯ ಬಸ್) -110 ಟೈಮ್‌ಔಟ್ ಕೊಡುತ್ತದೆ. ಸೆನ್ಸರ್ ಬದಲಿಸಿದೆ, ವೈರ್ ಬದಲಿಸಿದೆ, ತಂತಿಗಳ 4.7 ಕಿಲೋಓಮ್ ಪುಲ್‌ಅಪ್ ರೆಸಿಸ್ಟರ್ ಕಿತ್ತು 2.2 ಹಾಕಿದೆ. ಏನೂ ಆಗಲಿಲ್ಲ. ಡೀಬಗ್‌ಎಫ್‌ಎಸ್‌ನ (ಕರ್ನಲ್ ತನ್ನ ಒಳಗಿನ ಮಾಹಿತಿ ತೋರಿಸುವ ಜಾಗ) ಪಿನ್‌ಮಕ್ಸ್-ಪಿನ್ಸ್ ಫೈಲ್‌ನಲ್ಲಿ ಪಿನ್ 4, 5 ಎರಡೂ ಐ2ಸಿ ಹೆಸರಲ್ಲೇ ಇವೆ. ತಮಾಷೆ ಅಂದರೆ, ಸೆಟ್_ಮಕ್ಸ್ (ಪಿನ್ನಿಗೆ ಕೆಲಸ ಹಚ್ಚುವ ಫಂಕ್ಷನ್) ಒಳಗೆ ಒಂದು ಪ್ರಿಂಟ್ ಹಾಕಿದರೆ ತೊಂದರೆಯೇ ಬರುವುದಿಲ್ಲ!

ಹಳೇಪಿನ್:
ಪ್ರಿಂಟ್ ಹಾಕಿದರೆ ಮಾಯವಾಗುತ್ತದೆ ಅಂದರೆ ಸೋಲ್ಡರಿಂಗ್ ಐರನ್ ಕೆಳಗಿಡಿ, ಇದು ಟೈಮಿಂಗ್ ತೊಂದರೆ. ಆ ಫೈಲನ್ನು ಜಾಸ್ತಿ ನಂಬಬೇಡಿ. ಯಾವ ಪಿನ್ ಯಾರಿಗೆ ಕೊಟ್ಟಿದ್ದೇನೆ ಅಂತ ಕರ್ನಲ್ ಬರೆದಿಟ್ಟುಕೊಂಡ ಲೆಕ್ಕ ಅದು. ಚಿಪ್ ಒಳಗೆ ಏನಿದೆ ಅಂತ ಹೋಗಿ ನೋಡುವುದಿಲ್ಲ. ಡೆವ್‌ಮೆಮ್‌ನಿಂದ (ಚಿಪ್‌ನ ವಿಳಾಸಗಳನ್ನು ನೇರವಾಗಿ ಓದುವ ಟೂಲ್) ಮಕ್ಸ್ ರಿಜಿಸ್ಟರ್, ಅಂದರೆ ಪಿನ್‌ಗಳ ಕೆಲಸ ಬರೆದಿರುವ ಜಾಗ, ಓದಿ. ಒಳ್ಳೆ ಬೂಟ್‌ನಲ್ಲಿ ಒಮ್ಮೆ, ಕೆಟ್ಟ ಬೂಟ್‌ನಲ್ಲಿ ಒಮ್ಮೆ.

ಕೆಂಪುವೈರ್:
ಹೆಕ್ಸ್‌ನಲ್ಲಿ, ಒಳ್ಳೆಯದು 00112222. ಕೆಟ್ಟದ್ದು 00012222. ಬಲತುದಿಯನ್ನು ಪಿನ್ 0 ಅಂತ ಎಣಿಸಿದರೆ ಪಿನ್ 5ರ ಜಾಗದಲ್ಲಿ ಸೊನ್ನೆ!

ಹಳೇಪಿನ್:
ಸಿಕ್ಕಿತು. ನಿಮ್ಮ ಚಿಪ್‌ನಲ್ಲಿ ಪಿನ್ನಿಗೆ 4 ಬಿಟ್, ಒಂದು ರಿಜಿಸ್ಟರ್‌ನಲ್ಲಿ 8 ಪಿನ್. 0ರಿಂದ 3 ಎಸ್‌ಡಿ ಕಾರ್ಡ್‌ಗೆ, 4 ಮತ್ತು 5 ಐ2ಸಿಗೆ. ನಿಮ್ಮ ಸೆಟ್_ಮಕ್ಸ್ ರಿಜಿಸ್ಟರ್ ಓದುತ್ತದೆ, ತನ್ನ 4 ಬಿಟ್ ಬದಲಿಸುತ್ತದೆ, ಪೂರ್ತಿ 32 ಬಿಟ್ ವಾಪಸ್ ಬರೆಯುತ್ತದೆ. ಒಬ್ಬರು ಮುಗಿಸುವವರೆಗೆ ಇನ್ನೊಬ್ಬರನ್ನು ತಡೆಯುವ ಲಾಕ್ ಮಧ್ಯೆ ಇಲ್ಲ. ಎಸ್‌ಡಿ ಡ್ರೈವರ್ ಎಸಿಂಕ್ ಆಗಿ ಪ್ರೋಬ್ ಆಗುತ್ತಿದ್ದರೆ (ಬೇರೆಯವರ ಸರದಿಗೆ ಕಾಯದೆ ಶುರುವಾಗುತ್ತಿದ್ದರೆ) ಎಸ್‌ಡಿ, ಐ2ಸಿ ಎರಡೂ ಬೇರೆ ಬೇರೆ ಸಿಪಿಯು ಮೇಲೆ ಒಟ್ಟಿಗೆ ಬರುತ್ತವೆ. ಎಸ್‌ಡಿ ಕಡೆಯವನು ಓದಿದ, ಅಷ್ಟರಲ್ಲಿ ಐ2ಸಿ ಕಡೆಯವನು ಪಿನ್ 5 ಬರೆದ, ಆಮೇಲೆ ಮೊದಲಿನವನು ತನ್ನ ಹಳೇ ನಕಲನ್ನು ಅದರ ಮೇಲೇ ಬರೆದುಬಿಟ್ಟ. ಐ2ಸಿಯ ಕ್ಲಾಕ್ ಪಿನ್ ಮತ್ತೆ ಜಿಪಿಐಒ (ಬರೀ ಸಾಮಾನ್ಯ ಇನ್‌ಪುಟ್/ಔಟ್‌ಪುಟ್ ಪಿನ್) ಆಯಿತು.

ಒಂದೇ ಪಿನ್ನಿಗೆ ಇಬ್ಬರು ಜಗಳ ಆಡಿದರೆ ಕರ್ನಲ್ ತಡೆಯುತ್ತದೆ. ಬೇರೆ ಪಿನ್‌ಗಳು ಒಂದೇ ರಿಜಿಸ್ಟರ್‌ನಲ್ಲಿವೆ ಅನ್ನುವುದು ಅದಕ್ಕೆ ಹೇಗೆ ಗೊತ್ತಾಗಬೇಕು? ಅದು ಡ್ರೈವರ್ ಬರೆದವರ ಹೊಣೆ.

ಕೆಂಪುವೈರ್:
ಮ್ಯೂಟೆಕ್ಸ್ (ಸಿಗುವವರೆಗೆ ನಿದ್ದೆ ಮಾಡಿ ಕಾಯುವ ಲಾಕ್) ಹಾಕಿದೆ. ಮಕ್ಸ್, ಜಿಪಿಐಒ, ಐಆರ್‌ಕ್ಯು (ಇಂಟರಪ್ಟ್) ಎಲ್ಲಕ್ಕೂ ಅದೇ ಒಂದು. ಐ2ಸಿ ಸರಿಹೋಯಿತು, ಆದರೆ ಈಗ ಬಟನ್ ಡ್ರೈವರ್ ಲೋಡ್ ಮಾಡಿದರೆ "ತಪ್ಪು ಜಾಗದಲ್ಲಿ ನಿದ್ದೆ ಮಾಡುವ ಫಂಕ್ಷನ್ ಕರೆದಿದ್ದೀರಿ" ಅನ್ನುವ ಅರ್ಥದಲ್ಲಿ ಲಾಗ್ ತುಂಬ ಬೈಗುಳ.

ಹಳೇಪಿನ್:
ಬೈಯಲೇಬೇಕು. ಇಂಟರಪ್ಟ್ ತೆರೆಯುವ ಐಆರ್‌ಕ್ಯು_ಅನ್‌ಮಾಸ್ಕ್ ಕರೆಯುವ ಹೊತ್ತಿಗೆ ಐಆರ್‌ಕ್ಯು ಕೋರ್ ತನ್ನ ರಾ ಸ್ಪಿನ್‌ಲಾಕ್ (ನಿದ್ದೆ ಮಾಡದೆ ಸುತ್ತುತ್ತಾ ಕಾಯುವ ಲಾಕ್) ಹಿಡಿದಿರುತ್ತದೆ, ಇಂಟರಪ್ಟ್ ಆಫ್. ಮ್ಯೂಟೆಕ್ಸ್ ಅಲ್ಲಿ ನಡೆಯಲ್ಲ. ಸುಮ್ನೆ ಸ್ಪಿನ್‌ಲಾಕ್ ಹಾಕಿ ಮುಗಿಸೋಣ ಅಂತಲೂ ಅಂದುಕೊಳ್ಳಬೇಡಿ. ಪ್ರಿಎಂಪ್ಟ್_ಆರ್‌ಟಿ (ರಿಯಲ್‌ಟೈಮ್) ಕರ್ನಲ್‌ನಲ್ಲಿ ಸಾಮಾನ್ಯ ಸ್ಪಿನ್‌ಲಾಕ್ ಕೂಡ ನಿದ್ದೆ ಮಾಡುವ ಲಾಕ್ ಆಗುತ್ತದೆ. 2024ರಲ್ಲಿ ಬಂದ 6.12ರಿಂದ ಆರ್‌ಟಿ ಮುಖ್ಯ ಕರ್ನಲ್‌ನಲ್ಲೇ ಇದೆ, ಯಾರಾದರೂ ಆನ್ ಮಾಡಿಯೇ ಮಾಡುತ್ತಾರೆ. ರಾ ಸ್ಪಿನ್‌ಲಾಕ್ ಹಾಕಿ, ಐಆರ್‌ಕ್ಯುಸೇವ್ ಬಗೆಯದ್ದು, ಅಂದರೆ ಹಿಡಿದಿರುವಷ್ಟು ಹೊತ್ತು ಇಂಟರಪ್ಟ್ ಆಫ್ ಮಾಡುವುದು. ಲಾಕ್ ಒಳಗೆ ಓದು, ಬದಲಿಸು, ಬರೆ, ಇಷ್ಟೇ ಇರಲಿ. ಆ ಪ್ರಿಂಟ್ ಹೊರಗೆ ಹಾಕಿ.

ಅಂದ ಹಾಗೆ, ಪಿನ್ನನ್ನು ಔಟ್‌ಪುಟ್ ಮಾಡುವ ನಿಮ್ಮ ಡೈರೆಕ್ಷನ್_ಔಟ್‌ಪುಟ್ ಫಂಕ್ಷನ್ ನೋಡಿದೆ. ಮೊದಲು ದಿಕ್ಕು ಬದಲಿಸಿ ಆಮೇಲೆ ಬೆಲೆ ಬರೆಯುತ್ತಿದ್ದೀರಿ. ಆ ಒಂದು ಗಳಿಗೆ ಪಿನ್ ಮೇಲೆ ರಿಜಿಸ್ಟರ್‌ನಲ್ಲಿದ್ದ ಹಳೇ ಬೆಲೆ ಹೊರಗೆ ಹೋಗುತ್ತದೆ. ಅದನ್ನು ತಿರುಗಿಸಿ, ಮೊದಲು ಬೆಲೆ, ಆಮೇಲೆ ದಿಕ್ಕು. ಚಿಪ್ ಅದಕ್ಕೆ ಒಪ್ಪಿದರೆ ಮಾತ್ರ, ಕೆಲವು ಚಿಪ್‌ಗಳು ಇನ್‌ಪುಟ್ ಇದ್ದಾಗ ಬರೆದ ಬೆಲೆಯನ್ನು ಇಟ್ಟುಕೊಳ್ಳುವುದಿಲ್ಲ. ಮ್ಯಾನ್ಯುಯಲ್ ನೋಡಿ.

ಕೆಂಪುವೈರ್:
ಅಯ್ಯೋ, ಬೂಟ್ ಆಗುವಾಗ ಪಂಪಿನ ರಿಲೇ ಒಮ್ಮೆ ಟಿಕ್ ಅನ್ನುತ್ತಿತ್ತು. ರಿಲೇ ಹಾಗೇನೇ ಅಂದುಕೊಂಡಿದ್ದೆ! ಮ್ಯಾನ್ಯುಯಲ್ ಪ್ರಕಾರ ನಮ್ಮ ಚಿಪ್ ಬೆಲೆ ಇಟ್ಟುಕೊಳ್ಳುತ್ತದೆ, ತಿರುಗಿಸಿದೆ. ರಾತ್ರಿಯೆಲ್ಲ ಸ್ಕ್ರಿಪ್ಟ್ ಬಿಟ್ಟು 200 ಸಲ ರೀಬೂಟ್ ಮಾಡಿಸಿದೆ. 200ಕ್ಕೆ 200 ಸೆನ್ಸರ್ ಸಿಕ್ಕಿದೆ, ಬಟನ್ ಬೈಗುಳ ಇಲ್ಲ, ರಿಲೇ ತೆಪ್ಪಗಿದೆ. ಹಳೇ 4.7 ಪುಲ್‌ಅಪ್ ವಾಪಸ್ ಹಾಕುತ್ತಿದ್ದೇನೆ ಸರ್.