ಅಂಬಾಸಿಡರ್ ಫ್ಲೋರ್, ಸಿಲ್ ತುಕ್ಕು: ಮೇಲೊಂದು ತಗಡು ಸಾಕಾ, ಕತ್ತರಿಸಿ ಹೊಸದು ಹಾಕಬೇಕಾ?

ಮೂಡಿಗೆರೆ ಅಂಬಿ:
ಎಲ್ಲರಿಗೂ ನಮಸ್ಕಾರ. ಅಪ್ಪನ 1984ರ ಅಂಬಾಸಿಡರ್ ಮಾರ್ಕ್ 4 ನಮ್ಮಲ್ಲಿದೆ. ಅಪ್ಪ ತೀರಿಕೊಂಡು ಆರು ವರ್ಷ ಆಯ್ತು. ಅವತ್ತಿನಿಂದ ಕಾರು ಕಾಫಿ ಕಣದ ಪಕ್ಕದ ಶೆಡ್ಡಿನಲ್ಲೇ ನಿಂತಿದೆ. ಶೆಡ್ಡಿಗೆ ಮೇಲೆ ಶೀಟಿದೆ, ಪಕ್ಕಕ್ಕೆ ಗೋಡೆ ಇಲ್ಲ. ಮೂಡಿಗೆರೆ ಮಳೆ ಗೊತ್ತಲ್ವಾ, ಎರಚಲು ಪೂರ್ತಿ ಒಳಗೆ.

ಹೋದ ವಾರ ಮ್ಯಾಟ್ ಎತ್ತಿದೆ. ಡ್ರೈವರ್ ಕಾಲಿಡುವ ಜಾಗಕ್ಕೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಠಣ್ ಅನ್ನಲಿಲ್ಲ, ಒದ್ದೆ ರಟ್ಟು ತಟ್ಟಿದ ಹಾಗಿತ್ತು. ಸ್ವಲ್ಪ ಒತ್ತಿದೆ. ತೂತಾಗಿ ಕೆಳಗಿನ ನೆಲ ಕಾಣಿಸಿತು. ಬಲಗಡೆ ಬಾಗಿಲ ಕೆಳಗಿನ ಸಿಲ್ ಕೂಡ ಒಂದು ಗೇಣು ಉದ್ದ ತಿಂದುಹೋಗಿದೆ.

ಒಬ್ಬ ಟಿಂಕರ್ ಬಂದು ನೋಡಿದರು. ‘ಮೇಲೆ ತಗಡು ಇಟ್ಟು ರಿವೆಟ್ ಹೊಡೆದು, ಡಾಂಬರು ಬಳಿದರೆ ಮುಗೀತು, ಎರಡು ದಿನದ ಕೆಲಸ’ ಅಂದರು. ನನಗೆ ಮನಸ್ಸು ಒಪ್ಪುತ್ತಿಲ್ಲ. ಅಪ್ಪ ನನ್ನನ್ನು ಹಾಸ್ಟೆಲ್ಲಿಗೆ ಬಿಟ್ಟುಬಂದ ಕಾರು ಇದು. ಮಳೆ ಹಿಡಿಯುವ ಮೊದಲು ಸರಿಯಾಗಿ ಮಾಡಿಸಬೇಕು. ಗೊತ್ತಿದ್ದವರು ಹೇಳಿ.

ಹಾಸನ ಟಿಂಕರಿಂಗ್:
ಒಪ್ಪಬೇಡಿ. ನಾನು ಹಾಸನದಲ್ಲಿ ಮೂವತ್ತೆರಡು ವರ್ಷ ಇದೇ ಕೆಲಸ ಮಾಡಿದವನು. ತುಕ್ಕಿನ ಮೇಲೆ ತಗಡು ಇಟ್ಟರೆ ಎರಡರ ಮಧ್ಯೆ ನೀರು ನಿಲ್ಲುತ್ತದೆ, ಆರುವುದೇ ಇಲ್ಲ. ಹೊಸ ತಗಡನ್ನೂ ತಿನ್ನುತ್ತದೆ. ಒಳ್ಳೆಯ ಲೋಹ ಸಿಗುವವರೆಗೆ ಕತ್ತರಿಸಲೇಬೇಕು.

ಆದರೆ ಕಟಿಂಗ್ ವೀಲ್ ಹಿಡಿಯುವ ಮೊದಲು ಒಂದು ಮಾತು. ಈ ಕಾರಿಗೆ ಜೀಪಿನ ಹಾಗೆ ಕೆಳಗೆ ಭಾರ ಹೊರುವ ಬೇರೆ ಚೌಕಟ್ಟು, ಅಂದರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಸಿಲ್ ಬರೀ ಅಂದಕ್ಕೆ ಇರುವ ಪಟ್ಟಿಯಲ್ಲ, ಅದು ಭಾರ ಹೊರುತ್ತದೆ. 1998ರಲ್ಲಿ ಒಬ್ಬ ಮೇಷ್ಟ್ರ ಕಾರಿಗೆ ಆಸರೆ ಕೊಡದೆ ಸಿಲ್ ಕತ್ತರಿಸಿಬಿಟ್ಟೆ. ಬಾಡಿ ನಡುವೆ ಕುಸಿಯಿತು. ಬಾಗಿಲ ಮೇಲಿನ ಗ್ಯಾಪ್ ಮುಚ್ಚಿಕೊಂಡು ಬಾಗಿಲೇ ಹಾಕಲಾಗಲಿಲ್ಲ. ಎಲ್ಲ ಬಿಚ್ಚಿ ಮತ್ತೆ ಮಾಡಿಕೊಟ್ಟೆ. ಮೇಷ್ಟ್ರು ಒಂದು ಮಾತೂ ಬೈಯಲಿಲ್ಲ. ಅದು ಇವತ್ತಿಗೂ ಮನಸ್ಸಿನಲ್ಲಿದೆ.

ಅದಕ್ಕೇ ಕಾರನ್ನು ಸಮನೆಲದಲ್ಲಿ ನಿಲ್ಲಿಸಿ. ಬಾಗಿಲ ಗ್ಯಾಪ್ ಸುತ್ತಲೂ ಅಳೆದು ಬರೆದಿಡಿ. ಆಮೇಲೆ ಬಾಗಿಲ ಚೌಕಟ್ಟಿಗೆ ಮುಂದಿನ ಕಂಬದಿಂದ ನಡುಗಂಬಕ್ಕೆ ಒಂದಿಂಚಿನ ಚೌಕ ಪೈಪು ವೆಲ್ಡ್ ಮಾಡಿಸಿ. ಒಂದು ಬದಿ ಮುಗಿಯುವವರೆಗೆ ಇನ್ನೊಂದು ಬದಿ ಮುಟ್ಟಬೇಡಿ.

ಫ್ಲೋರಿಗೆ 18 ಗೇಜ್ ತಗಡು ಸಾಕು, ಅಂದರೆ ಸುಮಾರು 1.2 ಮಿಲಿಮೀಟರ್. ಗ್ಯಾಸ್ ವೆಲ್ಡಿಂಗ್ ಬೇಡ, ಕಾವು ಜಾಸ್ತಿಯಾಗಿ ತಗಡು ಸೊಟ್ಟ ಆಗುತ್ತದೆ. ಕರೆಂಟಿನಲ್ಲಿ ವೈರ್ ಕರಗಿಸಿ ಬೆಸೆಯುವ ಸಿಓ2 ವೆಲ್ಡಿಂಗ್ ಮಾಡಿಸಿ, 0.8 ಮಿಲಿಮೀಟರ್ ವೈರ್. ಒಂದೇ ಕಡೆ ಎಳೆಯಬಾರದು. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ಆರಲು ಬಿಟ್ಟು ಮಧ್ಯೆ ತುಂಬಬೇಕು. ಒಂದರ ಮೇಲೊಂದು ಕೂರುವ ಅಂಚಿಗೆ ಜೋಡಿಸುವ ಮೊದಲೇ ಜಿಂಕ್ ಪ್ರೈಮರ್ ಹೊಡೆಯಿರಿ. ಆಮೇಲೆ ಅಲ್ಲಿಗೆ ಬ್ರಷ್ ಹೋಗುವುದಿಲ್ಲ.

ಆಲ್ದೂರು ಜೀಪ್:
ಅಣ್ಣ ಹೇಳಿದ್ದು ಸರಿ. ಸೀಲಿಂಗ್ ಬಗ್ಗೆ ನಾನು ಸೇರಿಸುತ್ತೇನೆ.

ಬಾತ್‌ರೂಮಿಗೆ ಹಾಕುವ ಸಿಲಿಕಾನ್ ತರಬೇಡಿ. ವಿನೆಗರ್ ವಾಸನೆ ಬರುತ್ತದಲ್ಲ, ಆ ಆಸಿಡ್ಡೇ ಕಬ್ಬಿಣ ತಿನ್ನುತ್ತದೆ. ಅದರ ಮೇಲೆ ಪೇಂಟೂ ಹಿಡಿಯುವುದಿಲ್ಲ. ತಗಡು ಸೇರುವ ಸಂದು ಮುಚ್ಚಲು ಕಾರಿಗೇ ಅಂತ ಪಾಲಿಯುರೆಥೇನ್ ಸೀಮ್ ಸೀಲರ್ ಸಿಗುತ್ತದೆ. ಮೊದಲು ಎಪಾಕ್ಸಿ ಪ್ರೈಮರ್, ಅದು ಒಣಗಿದ ಮೇಲೆ ಸೀಲರ್, ಆಮೇಲೆ ಪೇಂಟ್. ಸಿಲ್ ಒಳಗೆ ಪೇಂಟ್ ಮುಟ್ಟುವುದಿಲ್ಲ, ಅಲ್ಲಿಗೆ ಮೇಣ ಸ್ಪ್ರೇ ಮಾಡಿಸಿ. ಸಿಲ್ಲಿನ ಕೆಳಗೆ ನೀರು ಇಳಿಯುವ ಸಣ್ಣ ತೂತುಗಳಿರುತ್ತವೆ. ಸೀಲರ್ ಹಾಕುವ ಹುರುಪಿನಲ್ಲಿ ಅವನ್ನು ಮುಚ್ಚಿಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ.

ಜೂನ್‌ನಲ್ಲಿ ಉಜ್ಜಿದ ತಗಡನ್ನು ರಾತ್ರಿ ಹಾಗೇ ಬಿಟ್ಟಿದ್ದೆ. ಬೆಳಿಗ್ಗೆ ಕೆಂಪಗಾಗಿತ್ತು. ಉಜ್ಜಿದ ದಿನವೇ ಪ್ರೈಮರ್ ಹೊಡೆಯಿರಿ.

ಇನ್ನೊಂದು, ನೀರು ಎಲ್ಲಿಂದ ಬಂತು ಅಂತ ಮೊದಲು ಹುಡುಕಿ. ಬರೀ ಎರಚಲಿಗೆ ಫ್ಲೋರ್ ಇಷ್ಟು ಹೋಗುವುದಿಲ್ಲ ಅನಿಸುತ್ತದೆ. ಮುಂದಿನ ಗಾಜಿನ ಕೆಳಗೆ, ಒಳಗಡೆ, ರಂಗೋಲಿ ಪುಡಿ ಉದುರಿಸಿ. ಹೊರಗಿನಿಂದ ಒಬ್ಬರು ಪೈಪಿನಲ್ಲಿ ನೀರು ಬಿಡಲಿ. ನೀವು ಒಳಗೆ ಟಾರ್ಚ್ ಹಿಡಿದು ಕೂತಿರಿ.

ಮೂಡಿಗೆರೆ ಅಂಬಿ:
ರಂಗೋಲಿ ಪುಡಿ ಇವತ್ತೇ ಮಾಡಿದೆ. ಐದು ನಿಮಿಷಕ್ಕೆ ಗಾಜಿನ ರಬ್ಬರಿನ ಬಲಮೂಲೆಯಿಂದ ಒಂದು ಗೆರೆ ಇಳಿಯಿತು. ನೇರ ಆ ತೂತಿನ ಕಡೆಗೇ. ರಬ್ಬರ್ ಮುಟ್ಟಿದರೆ ಚೂರುಚೂರು. ಹೊಸ ರಬ್ಬರ್ ಹುಡುಕುತ್ತೇನೆ.

ಹಾಸನದ ಅಣ್ಣ, ಮೊದಲಿನ ಟಿಂಕರ್‌ಗೆ ಬೇಡ ಅಂದೆ. ಪೈಪು, ತಗಡು ತರಿಸಿದ್ದೇನೆ. ಕತ್ತರಿಸುವ ದಿನ ನೀವು ಒಮ್ಮೆ ಬಂದು ನಿಂತುಕೊಂಡರೆ ನನಗೆ ಧೈರ್ಯ.

ಹಾಸನ ಟಿಂಕರಿಂಗ್:
ಶನಿವಾರ ಮೊದಲ ಬಸ್ಸಿಗೆ ಬರುತ್ತೇನೆ. ಅಷ್ಟರಲ್ಲಿ ಬ್ಯಾಟರಿ ಬಿಚ್ಚಿ ಹೊರಗಿಡಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ. ಸೀಟು, ಮ್ಯಾಟ್ ಎಲ್ಲ ತೆಗೆದಿರಲಿ. ಬಾಗಿಲು ಮಾತ್ರ ಬಿಚ್ಚಬೇಡಿ, ಗ್ಯಾಪ್ ನೋಡಲು ಅದು ಬೇಕು.