ಎರೆ ಹೊಲದಲ್ಲಿ ಮೆಟಲ್ ಡಿಟೆಕ್ಟರ್: ಹಳೆಯ ನಾಣ್ಯಗಳನ್ನು ಹುಡುಕುವುದು ಹೇಗೆ, ಎಲ್ಲಿ?

ಪ್ರಶ್ನೆ (ಅಣ್ಣಿಗೇರಿಯಿಂದ)

ಮಾನ್ಯರೇ, ಇತ್ತೀಚೆಗೆ ಒಂದು ಮೆಟಲ್ ಡಿಟೆಕ್ಟರ್ ಕೊಂಡಿದ್ದೇನೆ. ಕಡಲೆ ಕಿತ್ತು ಖಾಲಿಯಾದ ನಮ್ಮ ಎರೆ ಹೊಲದಲ್ಲಿ, ಹಿಂದೆ ಸಂತೆಗೆ ಹೋಗುವ ಬಂಡಿ ದಾರಿ ಇತ್ತೆಂದು ಹಿರಿಯರು ಹೇಳುವ ಬದುವಿನ ಪಕ್ಕ, ಅದನ್ನು ಆಡಿಸಿ ನೋಡಿದೆ. ಎತ್ತಿನ ಲಾಳ, ಮೊಳೆ, ಬಾಟಲಿ ಮುಚ್ಚಳಗಳೇ ಹೆಚ್ಚು. ಒಂದು ತಾಮ್ರದ ನಾಣ್ಯವೂ ಸಿಕ್ಕಿದೆ; ಒಂದು ಮುಖದಲ್ಲಿ ಗುರಾಣಿ ಹಿಡಿದ ಎರಡು ಸಿಂಹಗಳೂ ಕೆಳಗೆ 1835 ಎಂಬ ಇಸವಿಯೂ ಕಾಣುತ್ತವೆ, ಉಳಿದದ್ದನ್ನು ಹಸಿರು ಕಿಲುಬು ಮುಚ್ಚಿದೆ. ಆದರೆ ಬೋರ್‌ವೆಲ್ ಹತ್ತಿರ ಹೋದರೆ ಯಂತ್ರ ಸುಮ್ಮಸುಮ್ಮನೆ ಕೂಗುತ್ತದೆ. ಇದನ್ನು ಹೇಗೆ ಸರಿಪಡಿಸಬೇಕು? ಲಕ್ಕುಂಡಿಯಲ್ಲಿ ಬೀಗರ ಹೊಲವಿದೆ, ಅಲ್ಲಿಯೂ ಹುಡುಕಬಹುದೇ?

ಉತ್ತರ 1 (ಗದಗದಿಂದ)

ಬೋರ್‌ವೆಲ್ ಬಳಿಯ ಕೂಗಿಗೆ ಪಂಪ್‌ಸೆಟ್ಟಿನ ವಿದ್ಯುತ್ ತಂತಿಯೇ ಕಾರಣವಿರಬೇಕು. ಸೆನ್ಸಿಟಿವಿಟಿಯನ್ನು ತಗ್ಗಿಸಿ, ಇಲ್ಲವೇ ಕರೆಂಟ್ ಇಲ್ಲದ ಹೊತ್ತಿನಲ್ಲಿ ಆ ಭಾಗವನ್ನು ನೋಡಿ. ನಮ್ಮ ಕಡೆ ಅದಕ್ಕೇನೂ ಬರವಿಲ್ಲ.

ಎರಡನೆಯದು ಮಣ್ಣು. ಹಸಿಯಾದ ಎರೆ ಮಣ್ಣು ತಾನೇ ಸ್ವಲ್ಪ ವಿದ್ಯುತ್ತನ್ನು ಹರಿಸುತ್ತದೆ, ಕಪ್ಪತಗುಡ್ಡದ ಕಡೆಯ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶವೇ ಹೆಚ್ಚು. ಹೀಗಾಗಿ ಪ್ರತಿ ಹೊಲದಲ್ಲೂ ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿಗೇ ಯಂತ್ರ ಕೂಗದಂತೆ ಹೊಂದಿಸುವುದು) ಹೊಸದಾಗಿ ಮಾಡಿಕೊಳ್ಳಬೇಕು. ಲೋಹವಿಲ್ಲದ ಜಾಗದಲ್ಲಿ ಯಂತ್ರದ ತುದಿಯ ತಟ್ಟೆಯಾದ ಕಾಯಿಲನ್ನು ನೆಲಕ್ಕೆ ತಗ್ಗಿಸಿ ಎತ್ತುತ್ತ, ಧ್ವನಿ ಏರಿಳಿಯದ ಹಂತಕ್ಕೆ ಗುಂಡಿಯನ್ನು ಹೊಂದಿಸಿ. ಆಮೇಲೆ ಕಾಯಿಲನ್ನು ನೆಲಕ್ಕೆ ಸಮಾನವಾಗಿ, ಹಿಂದಿನ ಬೀಸು ಮುಂದಿನದರ ಮೇಲೆ ಅರ್ಧ ಬೀಳುವಂತೆ, ನಿಧಾನವಾಗಿ ಬೀಸಿ. ನಾಣ್ಯದ ಧ್ವನಿ ಎರಡೂ ದಿಕ್ಕಿನ ಬೀಸಿನಲ್ಲಿ ಒಂದೇ ರೀತಿ ಬರುತ್ತದೆ, ಮೊಳೆಯದು ಸಾಮಾನ್ಯವಾಗಿ ಒಂದು ಕಡೆಯಿಂದ ಮಾತ್ರ ಒಡೆದಂತೆ ಕೇಳಿಸುತ್ತದೆ. ಒಂಟಿ ನಾಣ್ಯವನ್ನು ಇಂಥ ಯಂತ್ರಗಳು ಹೆಚ್ಚೆಂದರೆ ಒಂದು ಗೇಣು ಆಳದವರೆಗೆ ಗುರುತಿಸುತ್ತವೆ.

ಡಿಸ್ಕ್ರಿಮಿನೇಷನ್ (ಕಸದ ಲೋಹಕ್ಕೆ ಯಂತ್ರ ಕೂಗದಂತೆ ಮಾಡುವ ಹೊಂದಾಣಿಕೆ) ಅನ್ನು ಮಾತ್ರ ಬಹಳ ಏರಿಸಬೇಡಿ. ವಿಜಯನಗರ ಕಾಲದ ಪಣ ಎಂಬ ಪುಟ್ಟ ಚಿನ್ನದ ನಾಣ್ಯ ಅರ್ಧ ಗ್ರಾಮಿಗಿಂತ ಕಡಿಮೆ ತೂಗುತ್ತದೆ. ಮಾತ್ರೆ ಪಟ್ಟಿಯ ಹಾಳೆ ಕೊಡುವಂಥ ಸಂಕೇತವನ್ನೇ ಅದೂ ಕೊಡುವುದರಿಂದ, ಕಸವೆಂದು ಬಿಟ್ಟದ್ದರಲ್ಲಿ ಅದೂ ಹೋಗಿಬಿಡಬಹುದು.

ಉತ್ತರ 2 (ಧಾರವಾಡದಿಂದ)

ಲಕ್ಕುಂಡಿಯ ವಿಚಾರವನ್ನು ಕೈಬಿಡಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಲೊಕ್ಕಿಗುಂಡಿಯಲ್ಲಿ (ಲಕ್ಕುಂಡಿಯ ಹಳೆಯ ಹೆಸರು) ನಾಣ್ಯ ಅಚ್ಚು ಹಾಕುವ ಟಂಕಸಾಲೆಯೇ ಇತ್ತು, ಆದ್ದರಿಂದ ನಿಮಗೆ ಆಸೆ ಹುಟ್ಟುವುದು ಸಹಜ. ಆದರೆ ಅಲ್ಲಿನ ಕಾಶಿವಿಶ್ವೇಶ್ವರ ದೇವಾಲಯ, ಬ್ರಹ್ಮ ಜಿನಾಲಯ ಮೊದಲಾದವು ಸಂರಕ್ಷಿತ ಸ್ಮಾರಕಗಳು. ಅಂಥ ಸ್ಥಳದೊಳಗೆ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ ಆದ 2010ರ ತಿದ್ದುಪಡಿಯ ಪ್ರಕಾರ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಬೀಗರ ಹೊಲ ಇದರಾಚೆಗಿದ್ದರೂ, ಊರಿನವರು ನಿಮ್ಮನ್ನು ನಿಧಿಗಳ್ಳರೆಂದು ತಿಳಿದರೆ ಅದು ಅವರ ತಪ್ಪಲ್ಲ.

ಸ್ವಂತ ಹೊಲದಲ್ಲಿಯೂ ಸಿಕ್ಕಿದ್ದೆಲ್ಲ ನಮ್ಮದಾಗುವುದಿಲ್ಲ. ನೆಲದಲ್ಲಿ ನಿಧಿ ಸಿಕ್ಕರೆ 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯ ಪ್ರಾಚೀನ ವಸ್ತುಗಳ ಕುರಿತ 1972ರ ಕೇಂದ್ರ ಕಾಯ್ದೆಯ ಪ್ರಕಾರ ಪ್ರಾಚೀನ ವಸ್ತುವಾಗುತ್ತದೆ. ನಿಮ್ಮ 1835ರ ನಾಣ್ಯವೂ ಅದರಲ್ಲಿ ಬರುತ್ತದೆ, ಅದನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ. ನಾಣ್ಯ ತುಂಬಿ ಹೂತಿಟ್ಟಿರಬಹುದಾದ ಗಡಿಗೆಯ ಅಂಚು ಕಂಡರೆ ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ, ಇದ್ದಂತೆಯೇ ಫೋಟೋ ತೆಗೆದು ತಹಶೀಲ್ದಾರರ ಕಚೇರಿಗೆ ತಿಳಿಸಿ. ಯಾವ ನಾಣ್ಯ ಯಾವುದರ ಜೊತೆಗೆ, ಎಷ್ಟು ಆಳದಲ್ಲಿತ್ತು ಎಂಬುದು ಒಮ್ಮೆ ಕದಡಿದರೆ ಮತ್ತೆ ಸಿಗುವಂಥದ್ದಲ್ಲ.

ಉತ್ತರ 3 (ಹಾವೇರಿಯಿಂದ)

ನಿಮಗೆ ಸಿಕ್ಕಿರುವುದು ಈಸ್ಟ್ ಇಂಡಿಯಾ ಕಂಪನಿಯ ಕಾಲಾಣೆ. ಹಿಂಬದಿಯಲ್ಲಿ ಎಲೆಗಳ ಮಾಲೆಯೊಳಗೆ ಬೆಲೆಯನ್ನು ಬರೆದಿರುತ್ತದೆ. ಸಂಗ್ರಹಕಾರರಲ್ಲಿ ಇದು ಬಹಳ ಸಾಮಾನ್ಯ ನಾಣ್ಯ, ಹೆಚ್ಚಿನ ಬೆಲೆ ನಿರೀಕ್ಷಿಸಬೇಡಿ. ಹಾಗೆಂದು ಹುಣಸೆಹಣ್ಣು ಹಚ್ಚಿ ತಿಕ್ಕಲೂ ಬೇಡಿ: ಹುಳಿ ಕಿಲುಬಿನ ಜೊತೆಗೆ ಮೇಲಿನ ಅಕ್ಷರಗಳನ್ನೂ ತಿನ್ನುತ್ತದೆ. ಶುದ್ಧ ನೀರಿನಲ್ಲಿ ನೆನೆಸಿ, ಮಣ್ಣು ಮೆತ್ತಗಾದ ಮೇಲೆ ಬಿದಿರಿನ ಕಡ್ಡಿಯಿಂದ ಬಿಡಿಸಿ, ಪೂರ್ತಿ ಒಣಗಿಸಿ ಕಾಗದದ ಲಕೋಟೆಯಲ್ಲಿಡಿ. ಸಿಕ್ಕ ಜಾಗ, ಆಳ, ದಿನಾಂಕಗಳನ್ನು ಲಕೋಟೆಯ ಮೇಲೆಯೇ ಬರೆಯಿರಿ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಬೀಗರಿಗೆ ಬರುವುದಿಲ್ಲವೆಂದು ತಿಳಿಸಿದ್ದೇನೆ. ಬದುವಿನ ಆಚೆಗಿನದು ಪಾಲುದಾರರ ಹೊಲ. ಅಲ್ಲಿ ಯಂತ್ರ ಆಡಿಸುವ ಮೊದಲು ಅವರಿಂದ ಒಪ್ಪಿಗೆಯನ್ನು ಬರವಣಿಗೆಯಲ್ಲಿಯೇ ಪಡೆದುಕೊಳ್ಳುತ್ತೇನೆ.