ದೊಡ್ಡವರಿಗೆ ಧರ್ಮೋಪದೇಶ: ಎಲ್ಲಿಂದ ಶುರು ಮಾಡೋದು?

ಕಬಿನಿ_ದಂಡೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಕಥೋಲಿಕ ಕ್ರೈಸ್ತರ ಮೈಸೂರು ಧರ್ಮಕ್ಷೇತ್ರದ (ಡಯಾಸಿಸ್) ಒಂದು ಸಣ್ಣ ಧರ್ಮಕೇಂದ್ರ, ಅಂದ್ರೆ ಒಂದು ಚರ್ಚಿನ ವ್ಯಾಪ್ತಿ. ಹೊಸದಾಗಿ ಬಂದಿರುವ ಫಾದರ್ ಪಾಲನಾ ಸಮಿತಿ ಸಭೆಯಲ್ಲಿ, ಮಕ್ಕಳಿಗೆ ಭಾನುವಾರ ಧರ್ಮೋಪದೇಶ (ನಂಬಿಕೆಯ ಪಾಠ) ಇದೆ, ದೊಡ್ಡವರಿಗೆ ಏನಿದೆ ಅಂತ ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ನಿಜ ಹೇಳಬೇಕಂದ್ರೆ ದೃಢೀಕರಣ (ದೀಕ್ಷಾಸ್ನಾನ ಪಡೆದವರ ನಂಬಿಕೆ ಗಟ್ಟಿ ಮಾಡುವ ಸಂಸ್ಕಾರ) ಆದಮೇಲೆ ನಮ್ಮಲ್ಲಿ ಕಲಿಯೋದು ನಿಂತೇ ಹೋಗುತ್ತದೆ. ಆಮೇಲೆ ಏನಿದ್ದರೂ ಮದುವೆಗೆ ಮುಂಚಿನ ತರಬೇತಿ, ಅದೂ ಸರ್ಟಿಫಿಕೇಟಿಗೋಸ್ಕರ.

ಹೋದ ತಪಸ್ಸುಕಾಲದಲ್ಲಿ (ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು) ಹೊರಗಿನಿಂದ ಒಬ್ಬರನ್ನು ಕರೆಸಿ ಭಾಷಣ ಇಟ್ಟಿದ್ದೆವು. ಮಧ್ಯಾಹ್ನದ ಬಿಸಿಲು, ಊಟ ಆದಮೇಲಿನ ಹೊತ್ತು. ಮುಂದಿನ ಸಾಲಿನ ಅಜ್ಜಿಯರು ಬಿಟ್ಟರೆ ಉಳಿದವರೆಲ್ಲ ಒಬ್ಬೊಬ್ಬರೇ ಎದ್ದು ಹೋದರು.

ಆದರೆ ಬೇಕು ಅನ್ನುವುದಂತೂ ಖಂಡಿತ. ಪಕ್ಕದ ಬೀದಿಯ ಪೆಂತೆಕೋಸ್ತ್ ಸಭೆಯವರು (ಬೇರೆ ಪಂಗಡದ ಕ್ರೈಸ್ತರು) "ಮರಿಯಮ್ಮನಿಗೆ ಯಾಕೆ ಕೈ ಮುಗಿತೀರ, ಬೈಬಲಲ್ಲಿ ಎಲ್ಲಿದೆ ತೋರಿಸಿ" ಅಂದ್ರೆ ನಮ್ಮವರು ಸುಮ್ನೆ ತಲೆ ತಗ್ಗಿಸಿಕೊಂಡು ಬರುತ್ತಾರೆ. ಹೈಸ್ಕೂಲ್ ಮಕ್ಕಳು ಮನೆಯಲ್ಲಿ ಕೇಳುವ ಪ್ರಶ್ನೆಗಳಿಗೂ ಅಪ್ಪ ಅಮ್ಮನ ಹತ್ತಿರ ಉತ್ತರ ಇಲ್ಲ. ನಮ್ಮಲ್ಲಿ ಜಾಸ್ತಿ ಜನ ಕೂಲಿ, ಡ್ರೈವರ್ ಕೆಲಸ, ಗಾರ್ಮೆಂಟ್ಸ್. ಯಾವ ಪುಸ್ತಕ ಇಟ್ಟುಕೊಳ್ಳೋದು, ಯಾವ ಹೊತ್ತು, ಯಾರು ನಡೆಸೋದು? ಮಾಡಿ ನೋಡಿದವರು ಹೇಳಿ.

ಉಪದೇಶಿ_ಟೀಚರ್:

ಅಣ್ಣ, ಮೊದಲು "ತರಗತಿ" ಅನ್ನುವ ಬೋರ್ಡ್ ತೆಗೆದುಬಿಡಿ. ದಿನವೆಲ್ಲ ದುಡಿದು ಬಂದವರು ಮತ್ತೆ ಬೆಂಚಿನ ಮೇಲೆ ಕೂರೋದಕ್ಕೆ ಬರುವುದಿಲ್ಲ. ಅವರು ಹೇಗೂ ಬರುವ ಜಾಗ ಯಾವುದು ನೋಡಿ, ಅಲ್ಲಿ ಹಿಡಿಯಿರಿ. ನಮ್ಮಲ್ಲಿ ಪ್ರಥಮ ಪರಮಪ್ರಸಾದಕ್ಕೆ (ಪೂಜೆಯಲ್ಲಿ ಯೇಸುವಿನ ಶರೀರವೆಂದು ಕೊಡುವ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸೋದಕ್ಕೆ) ತಯಾರಾಗುವ ಮಕ್ಕಳ ತಂದೆತಾಯಿಯಿಂದ ಶುರು ಮಾಡಿದೆವು. ಮಗುವಿಗೆ ಬಿಳಿ ಬಟ್ಟೆ ಹೊಲಿಸುವ ಉತ್ಸಾಹ ಹೇಗೂ ಇರುತ್ತದೆ, ಆ ಉತ್ಸಾಹದಲ್ಲಿ ಅಪ್ಪಂದಿರೂ ಬರುತ್ತಾರೆ. ಮಗು ಏನು ಕಲಿಯುತ್ತಿದೆಯೋ ಅದನ್ನೇ ಅವರ ಜೊತೆ ಮಾತಾಡಿದೆವು. "ಬರೀ ರೊಟ್ಟಿ ಥರ ಕಾಣುತ್ತೆ, ಯೇಸು ಹೇಗೆ ಆಗ್ತಾರೆ ಅಂತ ಮಗಳು ಕೇಳಿದಳು ಟೀಚರ್, ನಾನು ಗದರಿಬಿಟ್ಟೆ" ಅಂತ ಒಬ್ಬ ತಾಯಿ ಹೇಳಿದ್ದೇ ತಡ, ಎಲ್ಲರ ಬಾಯೂ ಬಿಚ್ಚಿತು.

ಎರಡನೆಯದು, ಕಿರುಕ್ರೈಸ್ತ ಸಮುದಾಯಗಳು, ಅಂದ್ರೆ ಅಕ್ಕಪಕ್ಕದ ಮನೆಯವರ ಪ್ರಾರ್ಥನಾ ಗುಂಪುಗಳು, ನಿಮ್ಮಲ್ಲೂ ಇರಬೇಕಲ್ವಾ? ಅಲ್ಲಿ ಜಪಸರ ಪ್ರಾರ್ಥನೆ ಮುಗಿದಮೇಲೆ, ಬರುವ ಭಾನುವಾರದ ಶುಭಸಂದೇಶ (ಬೈಬಲಿನಲ್ಲಿ ಯೇಸುವಿನ ಬದುಕು ಹೇಳುವ ಭಾಗ) ಓದಿ. ಬೇರೆ ಪುಸ್ತಕವೇ ಬೇಡ. ಭಾನುವಾರದ ವಾಚನಗಳು ಮೂರು ವರ್ಷದ ಸುತ್ತಿನಲ್ಲಿ ಬರುತ್ತವೆ, ಒಂದು ವರ್ಷ ಮತ್ತಾಯ, ಇನ್ನೊಂದು ವರ್ಷ ಮಾರ್ಕ, ಮತ್ತೊಂದು ವರ್ಷ ಲೂಕ, ಯೊವಾನ್ನ ನಡುನಡುವೆ. ನಿಧಾನವಾಗಿ ಎರಡು ಸಲ ಓದಿ, ಸ್ವಲ್ಪ ಹೊತ್ತು ಸುಮ್ಮನೆ ಕೂತು, ಯಾವ ಮಾತು ಮನಸ್ಸಿಗೆ ತಾಕಿತು ಅಂತ ಎಲ್ಲರೂ ಒಂದೊಂದು ಮಾತು ಹೇಳಬೇಕು. ಆಮೇಲೆ ವಿವರಣೆ, ಅದು ಚಿಕ್ಕದಾಗಿರಲಿ. ಮನೆಯಲ್ಲಿ ಓದಿದ ಭಾಗ ಭಾನುವಾರ ಪೂಜೆಯಲ್ಲಿ ಮತ್ತೆ ಕಿವಿಗೆ ಬಿದ್ದಾಗ ಜನ ಎಚ್ಚರವಾಗಿ ಕೇಳುತ್ತಾರೆ, ಫಾದರ್ ಪ್ರಬೋಧನೆಯನ್ನೂ.

ಒಂದು ಎಚ್ಚರಿಕೆ. ಪ್ರತಿ ಗುಂಪಿನಲ್ಲೂ ಒಬ್ಬರು ರಿಟೈರ್ಡ್ ಮಹನೀಯರು ಇರುತ್ತಾರೆ, ಮೈಕ್ ಇಲ್ಲದೆಯೂ ಗಂಟೆಗಟ್ಟಲೆ ಮಾತಾಡುವವರು. ಅವರಿಗೆ ಓದುವ ಕೆಲಸ ಕೊಡಿ :)

ಹಳೇ_ಸೆಮಿನಾರಿ:

ಟೀಚರ್ ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಮನಸ್ಸಿಗೆ ತಾಕಿದ್ದು ಹಂಚಿಕೊಳ್ಳೋದು ಒಳ್ಳೆಯದೇ, ಆದರೆ ಅಷ್ಟರಲ್ಲೇ ನಿಂತರೆ ವರ್ಷ ಕಳೆದರೂ ಕಥೋಲಿಕ ಸಭೆ (ಚರ್ಚ್) ಏನು ಬೋಧಿಸುತ್ತದೆ ಅನ್ನುವುದು ತಿಳಿಯುವುದಿಲ್ಲ, ಅವರವರ ಅಭಿಪ್ರಾಯವೇ ಗಟ್ಟಿಯಾಗುತ್ತದೆ. ದೊಡ್ಡವರಿಗೆ ಕಲಿಸುವುದೇ ಧರ್ಮೋಪದೇಶದ ಮುಖ್ಯ ರೂಪ ಅಂತ ಎರಡನೇ ಜಾನ್ ಪೌಲ್ ಜಗದ್ಗುರುಗಳು (ಪೋಪ್) 1979ರಲ್ಲೇ ಬರೆದರು. ನಾವು ಇನ್ನೂ ಅದನ್ನು ಮಕ್ಕಳ ಕೆಲಸ ಅಂದುಕೊಂಡಿದ್ದೇವೆ.

1992ರಲ್ಲಿ ಬಂದ ಕಥೋಲಿಕ ಧರ್ಮೋಪದೇಶ ಗ್ರಂಥದಲ್ಲಿ ನಾಲ್ಕು ಭಾಗ ಇವೆ: ನಾವು ನಂಬುವುದು, ಸಂಸ್ಕಾರಗಳು, ಬದುಕುವ ರೀತಿ, ಪ್ರಾರ್ಥನೆ. ಒಟ್ಟು 2865 ಸಂಖ್ಯೆಗಳು, ಅಷ್ಟನ್ನೂ ಯಾರೂ ಓದಲ್ಲ ಬಿಡಿ. ಕೊನೆಯಿಂದ ಶುರು ಮಾಡಿ. ಅದರ ಕೊನೆಯ ವಿಭಾಗ ಇಡೀ "ಸ್ವರ್ಗದಲ್ಲಿರುವ ನಮ್ಮ ತಂದೆಯೇ" ಪ್ರಾರ್ಥನೆಯ ವಿವರಣೆ. ಎಲ್ಲರಿಗೂ ಬಾಯಿಪಾಠ ಇರುವ ಪ್ರಾರ್ಥನೆ ಅದು, ಒಂದು ಸಲಕ್ಕೆ ಒಂದೇ ಸಾಲು ತೆಗೆದುಕೊಳ್ಳಿ. ಆಮೇಲೆ ವಿಶ್ವಾಸ ಸಂಗ್ರಹ, ಅಂದ್ರೆ ನಾವು ನಂಬುವುದನ್ನು ಸಾಲುಸಾಲಾಗಿ ಹೇಳುವ ಪ್ರಾರ್ಥನೆ. ಯೇಸು ಪಾತಾಳಕ್ಕೆ ಇಳಿದರು ಅಂತ ಹೇಳುತ್ತೇವಲ್ಲ, ಯಾಕೆ ಇಳಿದರು ಅಂತ ಕೇಳಿ ನೋಡಿ, ಸಭೆಯಲ್ಲಿ ಎಷ್ಟು ಕೈ ಮೇಲೇಳುತ್ತದೆ.

ಪೆಂತೆಕೋಸ್ತ್ ಪ್ರಶ್ನೆಗೆ ಜಗಳ ಬೇಡ, ಬೈಬಲ್ ತೆರೆದು ತೋರಿಸಿದರೆ ಸಾಕು. "ನಮೋ ಮರಿಯ" ಪ್ರಾರ್ಥನೆಯ ಮೊದಲ ಅರ್ಧ ಎಲ್ಲಿಂದ ಬಂತು? ಲೂಕ 1:28ರಲ್ಲಿ ದೇವದೂತನ ಮಾತು, 1:42ರಲ್ಲಿ ಎಲಿಜಬೇತಳ ಮಾತು. ಉಳಿದರ್ಧ ನಮಗಾಗಿ ಪ್ರಾರ್ಥಿಸು ಅಂತ ಕೇಳಿಕೊಳ್ಳೋದು. ಪ್ರಾರ್ಥಿಸು ಅಂತ ಕೇಳೋದು ಬೇರೆ, ಆರಾಧನೆ ಬೇರೆ. ಆರಾಧನೆ ದೇವರಿಗೆ ಮಾತ್ರ. ಸತ್ತವರಿಗಾಗಿ ಪೂಜೆ ಯಾಕೆ ಅಂದ್ರೆ ಮಕ್ಕಬಿಯರ ಎರಡನೇ ಗ್ರಂಥದ 12ನೇ ಅಧ್ಯಾಯ ತೋರಿಸಿ. ಆದರೆ ಅವರ ಬೈಬಲಲ್ಲಿ ಆ ಪುಸ್ತಕವೇ ಇರುವುದಿಲ್ಲ. ನಮ್ಮದರಲ್ಲಿ 73 ಪುಸ್ತಕ, ಅವರದರಲ್ಲಿ 66. ಈ ಲೆಕ್ಕ ನಮ್ಮವರಿಗೇ ಗೊತ್ತಿಲ್ಲ, ಅದಕ್ಕೇ ಮಾತು ಅಲ್ಲಿಗೇ ನಿಂತುಹೋಗುತ್ತದೆ.

ಕರಾವಳಿಯವ:

ನಮ್ಮ ಮಂಗಳೂರು ಕಡೆ ವಾಳೆ (ಚರ್ಚಿನ ವಾರ್ಡು), ಗುರಿಕಾರರ (ವಾಳೆಯ ಮುಖ್ಯಸ್ಥರ) ವ್ಯವಸ್ಥೆ ತುಂಬಾ ಹಳೆಯದು, ಆದ್ದರಿಂದ ಜನ ಸೇರಿಸೋದು ಕಷ್ಟವಲ್ಲ. ಕಷ್ಟ ಆಮೇಲೆ. ವಾಳೆ ಕೂಟ ಅಂದ್ರೆ ವಂತಿಗೆ ಲೆಕ್ಕ, ಹಬ್ಬದ ಊಟ, ಬಸ್ ಬಾಡಿಗೆ, ಯಾರು ಬಂದಿಲ್ಲ ಅನ್ನುವ ಚರ್ಚೆ. ಬೈಬಲ್ ಓದುವುದು ಐದು ನಿಮಿಷಕ್ಕೆ ಇಳಿಯುತ್ತದೆ. ಈಗ ನಮ್ಮ ವಾಳೆಯಲ್ಲಿ ಪ್ರಕಟಣೆ, ಲೆಕ್ಕ ಎಲ್ಲ ವಾಟ್ಸಾಪಿಗೆ ಹಾಕಿದ್ದೇವೆ, ಕೂಟದಲ್ಲಿ ಮಾತಾಡುವ ಹಾಗಿಲ್ಲ. ಮೊದಮೊದಲು ಕೆಲವರು ಮುನಿಸಿಕೊಂಡರು. ಅವರಿಗೆ ಲೆಕ್ಕದಲ್ಲೇ ಭಕ್ತಿ.

ಸಂಜೆಪಾಳಿ:

ನಾನು ಬೆಂಗಳೂರಲ್ಲಿ ಗಾರ್ಮೆಂಟ್ಸ್ ಕೆಲಸ. ಮೇಲೆ ಬರೆದವರೆಲ್ಲ ಕೂಟ ಕೂಟ ಅಂತೀರಲ್ಲ, ಸಂಜೆ ಯಾರಿಗೆ ಬಿಡುವಿದೆ ಹೇಳಿ. ಭಾನುವಾರ ಒಂದೇ ರಜೆ. ಬೆಳಿಗ್ಗೆ ಪೂಜೆ, ಆಮೇಲೆ ವಾರದ ಬಟ್ಟೆ, ನೀರು, ಮಾರ್ಕೆಟ್ಟು. ಕೂಟಕ್ಕೆ ಬರದೇ ಇದ್ದರೆ ಭಕ್ತಿ ಇಲ್ಲ ಅನ್ನುತ್ತಾರೆ, ಅದು ಬೇಜಾರು.

ನಮ್ಮ ಚರ್ಚಿನ ಒಬ್ಬ ಸಿಸ್ಟರ್ ಭಾನುವಾರದ ಶುಭಸಂದೇಶದ ಬಗ್ಗೆ ಚಿಕ್ಕ ಆಡಿಯೋ ಕಳಿಸುತ್ತಾರೆ, ಸುಲಭ ಕನ್ನಡದಲ್ಲಿ. ಕಂಪನಿ ವ್ಯಾನಲ್ಲಿ ನಾವು ಹುಡುಗಿಯರು ಕೇಳಿಕೊಂಡು ಹೋಗುತ್ತೇವೆ, ಪಕ್ಕದಲ್ಲಿ ಕೂತ ಬೇರೆ ಧರ್ಮದವರೂ ಕೇಳಿ ಒಂದೊಂದು ಸಲ ಪ್ರಶ್ನೆ ಕೇಳುತ್ತಾರೆ, ಅದಕ್ಕೆ ನಾನು ಉತ್ತರ ಹುಡುಕಬೇಕಾಗಿ ಬಂದು ಬೈಬಲ್ ತೆಗೆದದ್ದುಂಟು. ಇಂಗ್ಲಿಷಿನಿಂದ ಎತ್ತಿ ಹಾಕಿದ ಭಾರದ ಕನ್ನಡ ಮಾತ್ರ ಬೇಡ, ಅದನ್ನು ಓದುವವರಿಗೂ ಅರ್ಥ ಆಗಿರುವುದಿಲ್ಲ. ಮತ್ತೆ ಇನ್ನೊಂದು, ಏನು ಬೇಕು ಅಂತ ನಮ್ಮನ್ನೇ ಕೇಳಿ. ನನಗೆ ಬೇಕಿರೋದು ಸಾಲ, ಬಡ್ಡಿ, ಕುಡಿಯುವ ಗಂಡ, ಇಂಥದ್ದರ ನಡುವೆ ಕ್ಷಮೆ ಅಂದ್ರೆ ಏನು ಅಂತ. ಅದನ್ನು ಯಾರೂ ಮಾತಾಡಲ್ಲ.

ಮಲೆನಾಡ_ಅಳಿಯ:

ಇನ್ನೊಂದು ಕಡೆಯಿಂದ ಹೇಳುತ್ತೇನೆ. ನಾನು ಹಿಂದೂ ಮನೆಯಿಂದ ಬಂದವನು, ಮದುವೆ ಆಗಿ ಎಷ್ಟೋ ವರ್ಷದ ಮೇಲೆ ನಾನಾಗಿಯೇ ಕ್ರೈಸ್ತನಾಗಲು ದೀಕ್ಷಾಸ್ನಾನ ಕೇಳಿದೆ. ಮದುವೆಗೆ ಅದೇನೂ ಬೇಕಿರಲಿಲ್ಲ, ಧರ್ಮಾಧ್ಯಕ್ಷರ (ಬಿಷಪ್) ಅನುಮತಿ ಪಡೆದು ಆಗಿತ್ತು. ಮೊದಲು ಕೇಳಿದ ಚರ್ಚಿನಲ್ಲಿ ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿ ಒಪ್ಪಿಸಿ, ದಿನಾಂಕ ಕೊಡುತ್ತೇವೆ ಅಂದರು. ಕಾಯುತ್ತೇನೆ ಅಂತ ವಾಪಸ್ ಬಂದೆ.

ಎರಡನೇ ವ್ಯಾಟಿಕನ್ ಮಹಾಸಭೆ (ಲೋಕದ ಬಿಷಪ್‌ಗಳೆಲ್ಲ ಸೇರಿದ್ದ ಸಭೆ) ಹೇಳಿದ ಮೇಲೆ 1972ರಲ್ಲಿ ದೊಡ್ಡವರ ದೀಕ್ಷೆಗೆ ಹಂತಹಂತದ ಹಳೆಯ ವಿಧಿಯನ್ನು ಮತ್ತೆ ತಂದರು. ಬೇರೊಂದು ಕಡೆ ನನಗೆ ಅದು ಸಿಕ್ಕಿತು. ತಪಸ್ಸುಕಾಲದ ಮೂರು, ನಾಲ್ಕು, ಐದನೇ ಭಾನುವಾರ ಸಮಾರ್ಯದ ಹೆಂಗಸು, ಹುಟ್ಟು ಕುರುಡ, ಲಾಜರ, ಈ ಮೂರು ಶುಭಸಂದೇಶ ಓದಿ ಇಡೀ ಸಭೆಯ ಮುಂದೆ ನಮಗಾಗಿ ಪ್ರಾರ್ಥನೆ ಮಾಡುತ್ತಾರೆ. ಪಾಸ್ಖ ಜಾಗರಣೆಯ ರಾತ್ರಿ (ಈಸ್ಟರ್ ಹಿಂದಿನ ರಾತ್ರಿ) ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ ಮೂರೂ ಒಟ್ಟಿಗೆ. ನನ್ನ ಜೊತೆ ಹೆಜ್ಜೆ ಹಾಕಲು ಒಬ್ಬ ಹಿರಿಯರನ್ನು ಕೊಟ್ಟಿದ್ದರು. ಹುಟ್ಟಿನಿಂದ ಕ್ರೈಸ್ತರು ಅವರು. ನನ್ನ ಪ್ರಶ್ನೆಗಳ ಕಾಟಕ್ಕೆ ಅವರೇ ಮೊದಲ ಸಲ ನಾಲ್ಕೂ ಶುಭಸಂದೇಶ ಪೂರ್ತಿ ಓದಿದರು. ನಿಮ್ಮಲ್ಲಿ ಅಂಥವರು ಒಬ್ಬರು ಬಂದರೂ ಸಾಕು, ಫಾದರ್ ಕೋಣೆಯಲ್ಲಿ ಕೂರಿಸಿ ಮುಗಿಸಬೇಡಿ, ಒಂದು ಕಿರುಸಮುದಾಯಕ್ಕೆ ಒಪ್ಪಿಸಿ.

ಕಬಿನಿ_ದಂಡೆ:

ಎಲ್ಲರಿಗೂ ಥ್ಯಾಂಕ್ಸ್. ಫಾದರಿಗೆ ಪೂರ್ತಿ ಓದಿ ಹೇಳಿದೆ. ಪ್ರಥಮ ಪರಮಪ್ರಸಾದದ ತಂದೆತಾಯಿ ಮತ್ತು ಎರಡು ಕಿರುಸಮುದಾಯಗಳಿಂದ ಶುರು ಮಾಡೋಣ ಅಂದರು. ಆಡಿಯೋ ನಾನೇ ಮಾಡಬೇಕಂತೆ! ಸಂಜೆಪಾಳಿ ಅಕ್ಕ ಹೇಳಿದ ಕ್ಷಮೆಯ ವಿಷಯವನ್ನೇ ಮೊದಲು ಎತ್ತಿಕೊಳ್ಳಬೇಕು ಅಂತಿದ್ದಾರೆ. ನಡೆಸುವವರಿಗೆ ತರಬೇತಿ ಎಲ್ಲಿ?

ಹಳೇ_ಸೆಮಿನಾರಿ:

ಮೊದಲು ನಿಮ್ಮ ಧರ್ಮಕ್ಷೇತ್ರದ ಧರ್ಮೋಪದೇಶ ಆಯೋಗದಲ್ಲಿ ವಿಚಾರಿಸಿ. ಬೆಂಗಳೂರಿನಲ್ಲಿ 1967ರಲ್ಲಿ ಶುರುವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾವಿಧಿ ಕೇಂದ್ರ ಇದೆ, ಎನ್‌ಬಿಸಿಎಲ್‌ಸಿ ಅಂದ್ರೆ ಎಲ್ಲರಿಗೂ ಗೊತ್ತು. ಅಲ್ಲೂ ಕೇಳಿ. ಒಬ್ಬರನ್ನಲ್ಲ, ಇಬ್ಬರನ್ನು ಕಳಿಸಿ, ಅದರಲ್ಲಿ ಒಬ್ಬರು ಹೆಂಗಸರಾಗಿರಲಿ.

ಉಪದೇಶಿ_ಟೀಚರ್:

ಒಂದು ಮಾತು ಬಿಟ್ಟುಹೋಗಿತ್ತು. ಮನೆಮನೆಯಲ್ಲಿ ಕೂಟ ಇಡುವಾಗ ನೀರು ಬಿಟ್ಟು ಬೇರೇನೂ ಕೊಡಬಾರದು ಅಂತ ಮೊದಲ ದಿನವೇ ಹೇಳಿಬಿಡಿ. ನಮ್ಮಲ್ಲಿ ಒಬ್ಬರು ಟೀ ಕೊಟ್ಟರು, ಮುಂದಿನವರು ಟೀ ಬಿಸ್ಕತ್ತು, ಅದರ ಮುಂದಿನವರು ಕೇಸರಿಬಾತು. ಆಮೇಲೆ ಬಡವರ ಮನೆಯವರು ನಮ್ಮಲ್ಲಿ ಬೇಡ ಟೀಚರ್ ಅನ್ನೋಕೆ ಶುರು ಮಾಡಿದರು.